ದಾರಿ ಕೇಳದ ಕ್ಯಾಪ್ಟನ್

ದಾರಿ ಕೇಳದವರು ಎಂಬ ಒಂದು ಜಾತಿಯಿದೆ. ಗಣತಿಯವರ ಪಟ್ಟಿಯಲ್ಲಿ ಸಿಗುವುದಿಲ್ಲ, ಏಕೆಂದರೆ ಎಲ್ಲ ಜಾತಿಯೊಳಗೂ ಇವರ ನಾಲ್ಕು ಮನೆ ಇದ್ದೇ ಇರುತ್ತವೆ. ಮದುವೆ ಛತ್ರದ ಸುತ್ತ ಮೂರು ಸಲ ಕಾರು ಸುತ್ತಿಸುತ್ತಾರೆ, ಬಾಗಿಲಲ್ಲೇ ಕೂತ ಹೂವಿನವಳನ್ನು ಕೇಳುವುದಿಲ್ಲ. ಹಿಂದಿನ ಸೀಟಿನಿಂದ ಹೆಂಡತಿ "ಒಂದು ಮಾತು ಕೇಳಬಾರದೇನ್ರೀ" ಎಂದರೆ ಕಿಟಕಿಯ ಗಾಜು ಇನ್ನೂ ಒಂದಂಗುಲ ಮೇಲೇರುತ್ತದೆ. ಧಾರೆಗೆ ಹೊರಟವರು ಬೀಗರೂಟದ ಹೊತ್ತಿಗೆ ಮುಟ್ಟುತ್ತಾರೆ. ಮೊಬೈಲಿನೊಳಗಿಂದ ದಾರಿ ಹೇಳುವ ಹೆಣ್ಣುದನಿ ಬಂದ ಮೇಲೆ ಈ ಸಂತತಿ ನಶಿಸಿತೆಂದು ನಾನು ನಂಬಿದ್ದೆ. ನಶಿಸಿಲ್ಲ. ವಾರಾಂತ್ಯದ ಸಾಹಸ ಕ್ರೀಡೆಗೆ ಸೇರಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಪಶ್ಚಿಮ ಘಟ್ಟದ ಉದ್ದಕ್ಕೂ ಹಬ್ಬಿಕೊಂಡಿದೆ.

ಬೆಂಗಳೂರಿನ ಪ್ರತಿ ಕಚೇರಿಯಲ್ಲೂ ಇಂಥವರೊಬ್ಬರು ಇರುತ್ತಾರೆ. ನಿಮ್ಮಲ್ಲಿ ಇಲ್ಲವೆಂದರೆ ಒಂದೋ ನೀವು ಗಮನಿಸಿಲ್ಲ, ಇಲ್ಲವೇ ಅದು ನೀವೇ. ನಮ್ಮಲ್ಲಿರುವವರನ್ನು ನಾವು ಕ್ಯಾಪ್ಟನ್ ಎನ್ನುತ್ತೇವೆ. ಯಾವ ತಂಡದ ಕ್ಯಾಪ್ಟನ್, ಯಾರು ಆರಿಸಿದರು ಎಂದು ಕೇಳಬೇಡಿ. ಲಿಫ್ಟು ಕೆಟ್ಟರೆ ಮೆಟ್ಟಿಲು ತೋರಿಸಲು ಮುಂದೆ ನಡೆಯುವವರಿಗೆ ಆ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ವಯಸ್ಸು ನಲವತ್ತಾರು. ಬೇಕೆಂದಾಗ ಅರ್ಧಕ್ಕೆ ಕಳಚಿ ಚಡ್ಡಿಯಾಗುವ ಪ್ಯಾಂಟು, ನಾಡಿ ಎಣಿಸುವ ಗಡಿಯಾರ, ಕೊರಳಲ್ಲಿ ಸೀಟಿ. ಮೀಟಿಂಗಿನಲ್ಲಿ ಬಾದಾಮಿ ತಿನ್ನುತ್ತಾರೆ, ಎಣಿಸಿ. ಸೈಕಲ್ಲಿನ ಬೆಲೆ ಒಂದು ಲಕ್ಷದ ಮೇಲೆ. ಅವರ ಮನೆಯವರಿಗೆ ಗೊತ್ತಿರುವ ಬೆಲೆ ಹದಿನೆಂಟು ಸಾವಿರ. ಈ ಗುಟ್ಟು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಮತ್ತು ಅವರ ಮುಂದೆ ರಜೆ ಚೀಟಿ ಹಿಡಿದು ನಿಲ್ಲುವಾಗ ನಮಗಿರುವ ಏಕೈಕ ಆಯುಧ ಅದು.

ಅವರ ಬಾಯಲ್ಲಿ ಸದಾ ಒಂದು ಪುರಾಣವಿರುತ್ತದೆ. 1989ರಲ್ಲಿ ಜೆರಾರ್ ಫ್ಯೂಸಿಲ್ ಎಂಬ ಫ್ರೆಂಚ್ ಪತ್ರಕರ್ತ ನ್ಯೂಜಿಲೆಂಡಿನಲ್ಲಿ ಒಂದು ಓಟ ಏರ್ಪಡಿಸಿದ. ಮೋಟಾರಿಲ್ಲ, ದಿನಗಟ್ಟಲೆ ಕಾಡು, ಹೊಳೆ, ಬೆಟ್ಟ. ತಂಡದವರೆಲ್ಲ ಒಟ್ಟಿಗೇ ಹೋಗಬೇಕು, ಒಟ್ಟಿಗೇ ಮುಟ್ಟಬೇಕು. 'ರೇಡ್ ಗೊಲ್ವಾಜ್' ಎಂದು ಅದಕ್ಕೆ ಹೆಸರು. ಹಣ ಕೊಟ್ಟದ್ದು ಸಿಗರೇಟಿನವರು, ಹೆಸರೂ ಆ ಸಿಗರೇಟಿನದೇ. ಈ ಭಾಗವನ್ನು ಕ್ಯಾಪ್ಟನ್ ಬೇಗ ದಾಟಿಸುತ್ತಾರೆ. ಆಮೇಲೆ 2019ರಲ್ಲಿ ಫಿಜಿಯ ಅಂಥದೇ ಓಟ. ಅರವತ್ತಾರು ತಂಡಗಳು, ಹನ್ನೊಂದು ದಿನ. ಎವರೆಸ್ಟ್ ಹತ್ತಿದ ನಮ್ಮ ಅವಳಿ ಸೋದರಿಯರು ತಾಶಿ ಮತ್ತು ನುಂಗ್ಶಿ ಮಲಿಕ್ ಅಲ್ಲಿ ಭಾರತದ ತಂಡ ಕಟ್ಟಿಕೊಂಡು ಹೋಗಿದ್ದರು. ಇದನ್ನು ಹೇಳುವಾಗ ಕ್ಯಾಪ್ಟನ್ ಕಣ್ಣಲ್ಲಿ ನೀರೂರುತ್ತದೆ. ಸುಳ್ಳಲ್ಲ, ನಾನೇ ನೋಡಿದ್ದೇನೆ. ಆ ನೀರಿನಿಂದಲೇ ನಾನು ಕೆಟ್ಟೆ.

ನಡೆದದ್ದು ಹೀಗೆ. ವಯನಾಡಿನಲ್ಲಿ ಒಂದು ದಿನದ ಓಟ. ಮೊದಲು ಸೈಕಲ್ಲು, ಆಮೇಲೆ ಕೆರೆಯಲ್ಲಿ ದೋಣಿ, ಆಮೇಲೆ ಮ್ಯಾಪು ಹಿಡಿದು ಕಾಲ್ನಡಿಗೆ. ತಂಡಕ್ಕೆ ನಾಲ್ವರು, ಅದರಲ್ಲೊಬ್ಬರಾದರೂ ಹೆಂಗಸು. ಕ್ಯಾಪ್ಟನ್ ಕೈಯಲ್ಲಿ ಮೂವರಿದ್ದರು. ನಾಲ್ಕನೆಯವನ ಅಜ್ಜಿ ಹೊರಡುವ ವಾರದಲ್ಲಿ ತೀರಿಕೊಂಡರು. ಅವನ ಅಜ್ಜಿ ಹಿಂದಿನ ವರ್ಷದ ಓಟಕ್ಕೂ ತೀರಿಕೊಂಡಿದ್ದರು. ನಾನು ಲೆಕ್ಕಪತ್ರ ವಿಭಾಗದವನು, ಐವತ್ತೊಂದು ವರ್ಷದವನು, ಒಂಬತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ಅರ್ಜಿಯ 'ಹವ್ಯಾಸ' ಎಂಬ ಖಾನೆಯಲ್ಲಿ ಏನೂ ತೋಚದೆ 'ಸೈಕಲ್ ಸವಾರಿ' ಎಂದು ಬರೆದಿದ್ದೆ. ಆ ಕಾಗದವನ್ನು ಕ್ಯಾಪ್ಟನ್ ಎಲ್ಲಿಂದ ತೆಗೆದರೋ. "ಗುರುಗಳೇ, ನೀವು ಇಲ್ಲದಿದ್ದರೆ ತಂಡವೇ ಇಲ್ಲ" ಎಂದರು. ಮಗಳ ಮದುವೆ ಮುಗಿದ ಮೇಲೆ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಒಪ್ಪಿಕೊಂಡೆ.

ಉಳಿದ ಇಬ್ಬರಲ್ಲಿ ಒಬ್ಬಳು ಟೆಸ್ಟಿಂಗ್ ವಿಭಾಗದ ಹುಡುಗಿ, ಸಾಗರದ ಕಡೆಯವಳು. ಇನ್ನೊಬ್ಬ ವಿಜಯಪುರದಿಂದ ಹೊಸದಾಗಿ ಬಂದ ಹುಡುಗ. ಈಜು ಬರುತ್ತದೆಯೇ ಎಂದು ಕ್ಯಾಪ್ಟನ್ ಕೇಳಿದ್ದಕ್ಕೆ ಅವನು, "ಸರ, ನಮ್ಮ ಕಡೆ ಅಷ್ಟು ನೀರು ಕಂಡ್ರ ಕಾಯಿ ಒಡದು ಕೈ ಮುಗೀತೀವ್ರಿ, ಒಳಗ ಇಳಿಯೂದಿಲ್ಲ" ಎಂದ. "ಸ್ಪಿರಿಟ್ ಮುಖ್ಯ" ಎಂದು ಕ್ಯಾಪ್ಟನ್ ಅವನ ಹೆಸರು ಬರೆದುಕೊಂಡರು.

ಶುಕ್ರವಾರ ಸಂಜೆ ಹೊರಟೆವು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡಿನೊಳಗೆ ಹಾಯುತ್ತದೆ. 2009ರಿಂದ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರ ತನಕ ಗೇಟು ಹಾಕುತ್ತಾರೆ ಎಂಬುದು ಮೈಸೂರು ಸೀಮೆಯ ಎಳೆ ಮಗುವಿಗೂ ಗೊತ್ತು. ನಂಜನಗೂಡಿನಲ್ಲಿ ಊಟಕ್ಕೆ ನಿಲ್ಲಿಸಿದಾಗ ಹೋಟೆಲಿನ ಮಾಣಿ ತಾನಾಗಿಯೇ, "ಬತ್ತೇರಿಗಾ ಸಾರ್? ಬೇಗ ಹೊರಡಿ, ಗೇಟ್ ಹಾಕ್ತಾರೆ" ಎಂದ. ಕೇಳದೆ ಸಿಕ್ಕ ಮಾಹಿತಿಯನ್ನೂ ಕ್ಯಾಪ್ಟನ್ ಸ್ವೀಕರಿಸುವುದಿಲ್ಲ. "ಒಂಬತ್ತು ಅಂದ್ರೆ ಒಂಬತ್ತೂವರೆ" ಎಂದು ಇನ್ನೊಂದು ಕಾಫಿ ತರಿಸಿದರು. ಮದ್ದೂರು ಚೆಕ್‌ಪೋಸ್ಟಿಗೆ ನಾವು ಮುಟ್ಟಿದ್ದು ಒಂಬತ್ತೂ ಇಪ್ಪತ್ತಕ್ಕೆ. ಗೇಟಿನ ಆಚೆ ಕಾಡು, ಈಚೆ ನಾವು. ಆನೆಗಳಿಗಾದರೂ ನಿದ್ದೆ ಮಾಡುವ ಹಕ್ಕಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ನಾನು ಸೀಟಿಗೆ ತಲೆಯಾನಿಸಿದೆ. ವಾಪಸ್ ಮೈಸೂರು, ಅಲ್ಲಿಂದ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ. ಕಲ್ಪೆಟ್ಟದಲ್ಲಿ ಹಾಸಿಗೆ ಕಂಡಾಗ ಬೆಳಗಿನ ಜಾವ ಮೂರೂವರೆ. ಐದಕ್ಕೆ ಸೀಟಿ ಊದಿ ಎಬ್ಬಿಸಿದರು.

ಆರಂಭದ ಸ್ಥಳದಲ್ಲಿ ಎಲ್ಲರ ಮೊಬೈಲನ್ನೂ ಲಕೋಟೆಯೊಳಗೆ ಹಾಕಿ ಅಂಟಿಸಿ ವಾಪಸ್ ಕೊಟ್ಟರು. ಉಪಗ್ರಹ ನೋಡಿ ದಾರಿ ಹಿಡಿಯುವಂತಿಲ್ಲ. ಮ್ಯಾಪು, ದಿಕ್ಸೂಚಿ, ಅಷ್ಟೇ. ಒಂದೊಂದು ತಂಡಕ್ಕೂ ಪ್ಲಾಸ್ಟಿಕ್ ಹೊದಿಸಿದ ಹೊಸ ಮ್ಯಾಪ್ ಕೊಟ್ಟರು. ದಾರಿಯುದ್ದಕ್ಕೂ ಗುರುತಿನ ಜಾಗಗಳು, ಪ್ರತಿಯೊಂದರಲ್ಲೂ ಚೀಟಿಗೆ ತೂತು ಹೊಡೆಸಿಕೊಳ್ಳಬೇಕು. ನನ್ನ ವೃತ್ತಿಯೇ ಷರತ್ತು ಓದುವುದಾದ್ದರಿಂದ ನಿಯಮಾವಳಿಯನ್ನು ಎರಡು ಸಲ ಓದಿದೆ. ತಂಡ ಚದುರಬಾರದು, ಹೆಲ್ಮೆಟ್ ತೆಗೆಯಬಾರದು, ತೋಟದಲ್ಲಿ ಕಸ ಹಾಕಬಾರದು, ಪ್ಲಾಂಟೇಶನ್ನಿನ ಬೇಲಿ ದಾಟಬಾರದು. ದಾರಿಹೋಕರನ್ನು ದಾರಿ ಕೇಳಬಾರದೆಂದು ಎಲ್ಲೂ ಇರಲಿಲ್ಲ. ಕ್ಯಾಪ್ಟನ್‌ಗೆ ಇದನ್ನು ತೋರಿಸಿದೆ. "ಬರೆದಿಲ್ಲ ಗುರುಗಳೇ, ಆದರೆ ಅರ್ಥ ಅದೇ" ಎಂದರು.

ಸೈಕಲ್ಲಿನ ಭಾಗದ ಬಗ್ಗೆ ಹೆಚ್ಚು ಹೇಳುವ ಶಕ್ತಿ ನನಗಿಲ್ಲ. ಅಚೂರು, ಪೊಳುತನದ ಕಡೆಯ ಚಹಾ ತೋಟಗಳ ನಡುವೆ ಕೆಂಪು ಮಣ್ಣಿನ ರಸ್ತೆ. ಕಾರಿನಲ್ಲಿ ಕೂತು ನೋಡಿದರೆ ಇಸ್ತ್ರಿ ಮಾಡಿ ಹಾಸಿದ ಹಸಿರು ಎನಿಸುವ ಆ ಇಳಿಜಾರುಗಳು ಸೈಕಲ್ಲಿನ ಸೀಟಿನಿಂದ ಬೇರೆಯೇ ಥರ ಕಾಣುತ್ತವೆ. ನನ್ನದು ಬಾಡಿಗೆ ಸೈಕಲ್ಲು. ಏರಿನಲ್ಲಿ ಚೈನು ಜಾರುವುದು, ಇಳಿಜಾರಿನಲ್ಲಿ ಬ್ರೇಕು ಕಿರುಚುವುದು. ಎಲೆ ಕೊಯ್ಯುತ್ತಿದ್ದ ಹೆಂಗಸರು ಬುಟ್ಟಿ ಇಳಿಸಿ ನನ್ನನ್ನು ನೋಡಿ ನಕ್ಕರು. ಬೆಳಗಿನ ಹೊತ್ತಿಗೆ ಅಷ್ಟು ಜನರನ್ನು ಒಟ್ಟಿಗೆ ನಗಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮೂರನೇ ಏರಿನಲ್ಲಿ ಕಾಲು ಕೈಕೊಟ್ಟಿತು. ಇಳಿದು ನಿಂತೆ. ಕ್ಯಾಪ್ಟನ್ ಹಿಂದಿರುಗಿ ಬಂದರು. ಬೈಯುತ್ತಾರೆ, ಅಥವಾ ಅದಕ್ಕಿಂತ ಕೆಟ್ಟದ್ದಾಗಿ ಹುರಿದುಂಬಿಸುತ್ತಾರೆ ಎಂದುಕೊಂಡೆ. ಏನೂ ಮಾತಾಡಲಿಲ್ಲ. ಸೀಟಿನ ಕೆಳಗಿಂದ ಎಳೆದರೆ ಹಿಗ್ಗುವ ಒಂದು ರಬ್ಬರು ಹಗ್ಗ ತೆಗೆದು ತಮ್ಮ ಸೈಕಲ್ಲಿಗೂ ನನ್ನದಕ್ಕೂ ಕಟ್ಟಿದರು. ಈ ಆಟದಲ್ಲಿ ಅದು ಎಲ್ಲರೂ ಮಾಡುವ ಕೆಲಸವಂತೆ, ಬಲ ಇದ್ದವರು ಇಲ್ಲದವರನ್ನು ಎಳೆಯುವುದು. ಜಾತ್ರೆಗೆ ಹೊಡೆದುಕೊಂಡು ಹೋಗುವ ಕರುವಿನ ಹಾಗೆ ನಾನು ಹಿಂದೆ ಹಿಂದೆ ಹೋದೆ. ಎರಡು ಕಿಲೋಮೀಟರು. ಅವರ ಕತ್ತಿನ ನರ ಉಬ್ಬಿ ನಿಂತದ್ದು, ಬೆನ್ನಿನ ಅಂಗಿ ಪೂರ್ತಿ ಕಪ್ಪಾದದ್ದು ಕಾಣುತ್ತಿತ್ತು. ಮೇಲೆ ಮುಟ್ಟಿದ ಮೇಲೆ ಹಗ್ಗ ಬಿಚ್ಚಿ, "ನೀರು ಕುಡೀರಿ" ಎಂದರು, ಅಷ್ಟೇ. ಈ ಮನುಷ್ಯನ ಬಗ್ಗೆ ಕಟುವಾಗಿ ಬರೆಯಲು ಕೂತಾಗಲೆಲ್ಲ ಆ ಕಪ್ಪಾದ ಬೆನ್ನು ಅಡ್ಡ ಬರುತ್ತದೆ. ಇರಲಿ, ಬರೆಯುತ್ತೇನೆ.

ಕರ್ಲಾಡ್ ಕೆರೆಯಲ್ಲಿ ದೋಣಿ. ಇಬ್ಬಿಬ್ಬರ ಕಯಾಕು. ವಿಜಯಪುರದ ಹುಡುಗ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದು ಬಿಗಿದು ಕೊನೆಗೆ ಮಾತಾಡಲೂ ಆಗದ ಸ್ಥಿತಿಯಲ್ಲಿದ್ದ. ಸಾಗರದ ಹುಡುಗಿ ಅವನನ್ನು ಮುಂದೆ ಕೂರಿಸಿ, "ನೀನು ಸುಮ್ನೆ ಕೂತ್ಕ ಮಾರಾಯ, ಹುಟ್ಟು ನಾ ಹಾಕ್ತೆ" ಎಂದು ನೆಟ್ಟಗೆ ಹೊರಟೇಬಿಟ್ಟಳು. ಶರಾವತಿ ಹಿನ್ನೀರಿನಲ್ಲಿ ಲಾಂಚು ನೋಡಿ ಬೆಳೆದವಳು. ನಾನೂ ಕ್ಯಾಪ್ಟನ್ನೂ ಇದ್ದ ದೋಣಿ ಮಾತ್ರ ಸತ್ಯನಾರಾಯಣ ಪೂಜೆಯ ಪ್ರದಕ್ಷಿಣೆಯ ಹಾಗೆ ಇದ್ದಲ್ಲೇ ಮೂರು ಸುತ್ತು ಹಾಕಿತು. "ಎಡ! ಎಡ ಅಂದ್ರೆ ನಿಮ್ಮ ಎಡ ಅಲ್ಲ!" ಎಂದು ಕೂಗುತ್ತಿದ್ದರು. ದೋಣಿಯಲ್ಲಿ ಇಬ್ಬರೂ ಒಂದೇ ಕಡೆ ಮುಖ ಮಾಡಿ ಕೂತಿರುವಾಗ ಎಡಗಳು ಎಷ್ಟಿರಲು ಸಾಧ್ಯ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ. ದಡದಲ್ಲಿ ನಿಂತ ದೋಣಿಯವನು ಕೈಯಾಡಿಸಿ ಏನೋ ಹೇಳಲು ಬಂದ. ಕ್ಯಾಪ್ಟನ್ ಅವನ ಕಡೆ ನೋಡಲೇ ಇಲ್ಲ.

ಇಷ್ಟೆಲ್ಲ ಆದರೂ ಮಧ್ಯಾಹ್ನದ ಹೊತ್ತಿಗೆ ನಾವು ಕೊನೆಯಿಂದ ಐದನೆಯವರಾಗಿದ್ದೆವು. ಗೌರವದ ಸ್ಥಾನ. ಉಳಿದದ್ದು ಕಾಲ್ನಡಿಗೆ. ಆಗ ಕ್ಯಾಪ್ಟನ್ ಚೀಲದ ತಳದಿಂದ ಒಂದು ಪ್ಲಾಸ್ಟಿಕ್ ಕೊಳವೆ ತೆಗೆದರು. ಅದರೊಳಗೆ ಅವರ ಹಳೆಯ ಆಸ್ತಿ.

ಕಾಲೇಜಿನಲ್ಲಿ ಚಾರಣದ ಹುಚ್ಚು ಹಿಡಿದ ಕಾಲಕ್ಕೆ ಕೋರಮಂಗಲದ ಸರ್ವೆ ಆಫ್ ಇಂಡಿಯಾ ಕಚೇರಿಯಲ್ಲಿ ಸಾಲು ನಿಂತು ಕೊಂಡ ಟೋಪೋ ಶೀಟುಗಳು. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು. ವಯನಾಡಿನ ಈ ಭಾಗ ಎಪ್ಪತ್ತಾರನೇ ರೇಖಾಂಶದ ಎರಡೂ ಮಗ್ಗುಲಲ್ಲಿ ಬೀಳುವುದರಿಂದ ಒಂದು ಹಾಳೆ ಸಾಲದು. ಪಡುವಲಿಗೆ 49 ಎಂ/14, ಮೂಡಲಿಗೆ 58 ಎ/2. ಎರಡನ್ನೂ ಸೇರಿಸಿ ಹಿಂಬದಿಯಲ್ಲಿ ಕಂದು ಟೇಪು ಅಂಟಿಸಿದ್ದರು. ಮಡಿಕೆಗಳಲ್ಲಿ ಕಾಗದ ಸವೆದು ಬೆಳಕು ತೂರುತ್ತಿತ್ತು. ಸುಳಿ ಸುಳಿಯಾದ ಕಂದು ಗೆರೆಗಳು, ಹಸಿರು ಬಣ್ಣದ ಕಾಡು, ಒಂದೊಂದು ಗುಡಿ, ಬಾವಿ, ಅಂಚೆಮನೆಗೂ ಒಂದೊಂದು ಗುರುತು. ಚೆಂದದ ವಸ್ತು ಎಂಬುದರಲ್ಲಿ ಅನುಮಾನವಿಲ್ಲ. ನಮ್ಮಜ್ಜಿ ರೇಷ್ಮೆ ಸೀರೆ ಬಿಡಿಸುತ್ತಿದ್ದ ಹಾಗೆ ಬಂಡೆಯ ಮೇಲೆ ಬಿಡಿಸಿದರು.

"ಸಂಘಟಕರು ಕೊಟ್ಟ ಮ್ಯಾಪ್ ಇದೆಯಲ್ಲ ಸಾರ್" ಎಂದಳು ಹುಡುಗಿ.

"ಅದರಲ್ಲಿ ಆರು ಕಿಲೋಮೀಟರು ಸುತ್ತಿಸಿದ್ದಾರೆ. ಇಲ್ಲಿ ನೋಡು, ನೇರ ರಸ್ತೆ. ಕಣಿವೆಗೆ ಇಳಿದು, ಗದ್ದೆ ದಾಟಿದರೆ ತರಿಯೋಡ್ ಪೇಟೆ. ಅಲ್ಲಿಂದ ಮುಂದಿನ ಗುರುತು ಒಂದು ಫರ್ಲಾಂಗು." ಬೆರಳು ಹಾಳೆಯ ಮೇಲೆ ಜಾರುತ್ತಿತ್ತು. "ಸರ್ವೆ ಆಫ್ ಇಂಡಿಯಾ ಸುಳ್ಳು ಹೇಳಲ್ಲ."

ದಾರಿಯ ಆರಂಭದಲ್ಲೇ ಒಂದು ಚಹಾದಂಗಡಿ ಇತ್ತು. ಗಾಜಿನ ಪೆಟ್ಟಿಗೆಯಲ್ಲಿ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ, ಕುದಿಯುವ, ಹಾಲಿಲ್ಲದ ಕಟ್ಟನ್ ಚಾಯ. ಅಂಗಡಿಯ ಕಾಕ ನಮ್ಮನ್ನೂ ನಾವು ಹೊರಟ ದಿಕ್ಕನ್ನೂ ನೋಡಿ, "ಎವಿಡೇಕ್ಕಾ?" ಎಂದು ಕೇಳಿದರು. ಎಲ್ಲಿಗೆ ಎಂದು ತಾನೇ? ಉತ್ತರ ಹೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಕ್ಯಾಪ್ಟನ್ ಮುಗುಳ್ನಕ್ಕು, "ವಾಕಿಂಗ್, ವಾಕಿಂಗ್" ಎಂದು ಮುಂದೆ ನಡೆದರು. ನಾನು ಪಳಂಪೊರಿಯನ್ನು ತಿರುಗಿ ತಿರುಗಿ ನೋಡುತ್ತ ಹಿಂಬಾಲಿಸಿದೆ.

ಆಮೇಲಿನ ಒಂದೂಕಾಲು ಗಂಟೆ ಕಾಫಿ ಗಿಡಗಳ ನಡುವೆ. ಡಿಸೆಂಬರಿನ ರೊಬಸ್ಟಾ, ಗೊಂಚಲು ಗೊಂಚಲು ಹಣ್ಣಾಗಿತ್ತು. ಕಾಲುದಾರಿ ಮೊದಲು ಎರಡಾಯಿತು, ಆಮೇಲೆ ನಾಲ್ಕಾಯಿತು, ಆಮೇಲೆ ಇಲ್ಲವಾಯಿತು. "ಡಿಸೆಂಬರಿನಲ್ಲಿ ಇಂಬಳ ಇರಲ್ಲ" ಎಂದು ಕ್ಯಾಪ್ಟನ್ ಬೆಂಗಳೂರಿನಲ್ಲೇ ಘೋಷಿಸಿದ್ದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಹಿಂದಿನ ವಾರ ಮಳೆ ಬಿದ್ದ ವಿಚಾರ ಇಂಬಳಗಳಿಗೆ ಗೊತ್ತಿತ್ತು. ಸಾಗರದ ಹುಡುಗಿ ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟೊಂದನ್ನು ಕೋಲಿಗೆ ಸಿಕ್ಕಿಸಿಕೊಂಡು ಬಂದಿದ್ದಳು. ನಮ್ಮ ಕಾಲುಗಳಿಗೆ ಮುಟ್ಟಿಸುತ್ತ ಬಂದಳು. ಹದಿನೈದು ಸಾವಿರದ ಬೂಟು ಹಾಕಿದವರನ್ನು ಎರಡು ರೂಪಾಯಿಯ ಹೊಗೆಸೊಪ್ಪು ಕಾಪಾಡಿತು. ಎರಡು ಸಲ ಮನುಷ್ಯರು ಎದುರಾದರು: ಒಬ್ಬ ಹುಲ್ಲಿನ ಹೊರೆಯವನು, ಆಮೇಲೆ ಶಾಲೆಯ ಇಬ್ಬರು ಮಕ್ಕಳು. ಪ್ರತಿ ಸಲವೂ ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಯಾಪ್ಟನ್ ನನ್ನ ತೋಳು ಹಿಡಿದು, ಗುಡಿಯಲ್ಲಿ ಮಾತಾಡುವ ಮಗುವನ್ನು ಸುಮ್ಮನಾಗಿಸುವ ಹಾಗೆ ಅದುಮುತ್ತಿದ್ದರು. "ಬೇಡ. ಹತ್ತಿರ ಬಂದಿದ್ದೇವೆ."

ಏಕೆ ಕೇಳುವುದಿಲ್ಲ? ನಾನು ಬಹಳ ಯೋಚಿಸಿದ್ದೇನೆ. ಜಂಬ ಎಂದು ನನ್ನ ಹೆಂಡತಿಯ ಅಭಿಪ್ರಾಯ. ನನ್ನ ಬಗ್ಗೆ ಹೇಳುವಾಗಲೂ ಅವಳು ಅದೇ ಪದ ಬಳಸುತ್ತಾಳೆ. ನನಗನಿಸುವುದು ಬೇರೆ. ದಿನವಿಡೀ ಈ ಮನುಷ್ಯನಿಗೆ ಕೇಳುವುದೇ ಕೆಲಸ: ಗಿರಾಕಿಗೆ ಏನು ಬೇಕು ಎಂದು ಕೇಳಬೇಕು, ಮೇಲಿನವರ ಒಪ್ಪಿಗೆ ಕೇಳಬೇಕು, ಕೆಳಗಿನವರು ಯಾವಾಗ ಮುಗಿಸುತ್ತಾರೆಂದು ಕೇಳಬೇಕು, ಮಗ ಯಾಕೆ ಮಾತಾಡುತ್ತಿಲ್ಲ ಎಂದು ಮಗನ ಅಮ್ಮನನ್ನು ಕೇಳಬೇಕು. ವರ್ಷಕ್ಕೊಂದು ದಿನ, ಒಂದು ಹಾಳೆ ಹಿಡಿದು, ಯಾರನ್ನೂ ಕೇಳದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಬಿಡಬೇಕು. ಅಷ್ಟೇ ಅವರ ಆಸೆ ಇರಬಹುದು. ಇದೆಲ್ಲ ಮನೆಯಲ್ಲಿ ಕಾಲಿಗೆ ಬಿಸಿನೀರು ಹಾಕಿಕೊಂಡು ಹೊಳೆದದ್ದು. ಕಾಫಿ ತೋಟದೊಳಗೆ ನನಗನಿಸಿದ್ದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಗಿಡಗಳು ಮುಗಿದವು. ಇಳಿಜಾರು ಮುಗಿಯಿತು. ಹಾಳೆಯಲ್ಲಿ ಗದ್ದೆಯೂ ರಸ್ತೆಯೂ ಪೇಟೆಯೂ ಇರಬೇಕಾದ ಜಾಗಕ್ಕೆ ನಾಲ್ವರೂ ಬಂದು ನಿಂತೆವು.

ನೀರು. ಕಣ್ಣು ಹಾಯುವ ತನಕ ನೀರು. ನಡುವೆ ಅಲ್ಲಲ್ಲಿ ಹಸಿರು ದ್ವೀಪಗಳು, ಹಿಂದೆ ಬಾಣಾಸುರ ಬೆಟ್ಟದ ಸಾಲು. ಒಂದು ಮೀನುಕೊಕ್ಕರೆ ನಮ್ಮನ್ನು ನೋಡಿ ಎದ್ದು ಹೋಯಿತು.

ಯಾರೂ ಮಾತಾಡಲಿಲ್ಲ. ಕ್ಯಾಪ್ಟನ್ ಹಾಳೆ ನೋಡಿದರು, ನೀರು ನೋಡಿದರು, ದಿಕ್ಸೂಚಿ ನೋಡಿದರು, ಅದನ್ನು ಒಮ್ಮೆ ಅಲುಗಿಸಿದರು. ವಿಜಯಪುರದ ಹುಡುಗ ಮೆಲ್ಲಗೆ, "ಸರ, ಪ್ಯಾಟಿ ಎಲ್ಲೈತ್ರಿ?" ಎಂದ.

ಕಬಿನಿಗೆ ಸೇರುವ ಕರಮನ್‌ತೋಡ್ ಎಂಬ ಹೊಳೆಗೆ ಪಡಿಞಾರತ್ತರದಲ್ಲಿ ಕಟ್ಟಿದ ಮಣ್ಣಿನ ಅಣೆಕಟ್ಟು ಬಾಣಾಸುರ ಸಾಗರ. ಅದರ ಕೆಲಸ ಶುರುವಾದದ್ದು 1979ರಲ್ಲಿ. ಕ್ಯಾಪ್ಟನ್ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಳತೆ ಮಾಡಿದ ವರ್ಷ ಅಚ್ಚಾಗಿತ್ತು. ಆ ವರ್ಷ 1979ಕ್ಕೂ ಹಿಂದಿನದು. ಇಪ್ಪತ್ತೈದು ವರ್ಷ ಜೋಪಾನ ಮಾಡಿದ ಹಾಳೆಯಲ್ಲಿ ಆ ಒಂದು ಸಾಲನ್ನು ಓದಿರಲಿಲ್ಲ. ಷರತ್ತು ಓದುವ ನಾನೂ ಓದಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಕಂದು ಗೆರೆಗಳ ಸುಳಿಯಾಗಿ ಅದರಲ್ಲಿದ್ದ ಗುಡ್ಡಗಳೆಲ್ಲ ಈಗ ನಮ್ಮೆದುರು ದ್ವೀಪಗಳಾಗಿ ತೇಲುತ್ತಿದ್ದವು. ಒಂದೊಂದನ್ನೂ ಬೆರಳಿಟ್ಟು ಗುರುತು ಹಿಡಿಯಬಹುದಿತ್ತು.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ. "ಯಾವೂರ್ಗೆ ಸಾ ಹೋಯ್ತಿದ್ದೀರಿ?"

ಅಪ್ಪಟ ಕನ್ನಡ, ಅದರಲ್ಲೂ ಹೆಗ್ಗಡದೇವನಕೋಟೆಯ ಕನ್ನಡ. ತಿರುಗಿದರೆ ಮುಂಡು ಎತ್ತಿ ಕಟ್ಟಿದ, ಕೈಯಲ್ಲಿ ಕತ್ತಿ ಹಿಡಿದ ಮಲಯಾಳಿ ಹಿರಿಯರು. ಸರಗೂರಿನ ಹತ್ತಿರ ಹೊಲ ಗುತ್ತಿಗೆ ಹಿಡಿದು ಎಂಟು ವರ್ಷ ಶುಂಠಿ ಬೆಳೆದಿದ್ದರಂತೆ. ವಯನಾಡಿನ ರೈತರು ಗಡಿ ದಾಟಿ ಬಂದು ಮೈಸೂರು, ಕೊಡಗು, ಶಿವಮೊಗ್ಗದ ಹೊಲಗಳಲ್ಲಿ ಶುಂಠಿ ಹಾಕುವುದು ನಮಗೆಲ್ಲ ಗೊತ್ತಿರುವುದೇ. ಶುಂಠಿ ಹೋಯಿತು, ಭಾಷೆ ಉಳಿಯಿತು ಎಂದು ನಕ್ಕರು.

ಕ್ಯಾಪ್ಟನ್ ಕೇಳಲಿಲ್ಲ. ಹಾಳೆಯನ್ನು ಸುಮ್ಮನೆ ಅವರ ಕಡೆ ಚಾಚಿದರು. ಅದನ್ನು ಕೇಳಿದ್ದು ಎಂದು ಲೆಕ್ಕ ಹಿಡಿಯಬಹುದೇ ಎಂದು ನಾನು ಈಗಲೂ ತೀರ್ಮಾನಿಸಿಲ್ಲ. ಹಿರಿಯರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಗೆರೆಯ ಮೇಲೆ ಉಗುರಿಟ್ಟು, "ಸರೀಗದೆ ಸಾ. ಇದೇ ರೋಡು. ಚಿಕ್ಕೋನಿದ್ದಾಗ ಇದ್ರಲ್ಲೇ ಪ್ಯಾಟೆಗೆ ಹೋಯ್ತಿದ್ದೆ. ಅಂಗಡಿ, ಚರ್ಚು, ಎಲ್ಲಾ ಇತ್ತು" ಎಂದರು. ಕತ್ತಿಯ ತುದಿಯಿಂದ ನೀರನ್ನು ತೋರಿಸಿದರು. "ಈಗ ಒಳಗದೆ."

ಸಾಗರದ ಹುಡುಗಿ ಕೋಲು ಕೆಳಗಿಟ್ಟು ದಡದಲ್ಲಿ ಕುಕ್ಕರಗಾಲಲ್ಲಿ ಕೂತಳು. "ನಮ್ಮಜ್ಜನ ಮನೆನೂ ಹೀಗೇ. ಲಿಂಗನಮಕ್ಕಿಲಿ ಹೋತು" ಎಂದಳು. 1964ರ ಮಾತು, ಅವಳ ಅಪ್ಪನೇ ಆಗ ಹುಟ್ಟಿರಲಿಕ್ಕಿಲ್ಲ. ಬೇಸಿಗೆಯಲ್ಲಿ ನೀರು ತಳ ಹಿಡಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೇಳುತ್ತದೆ. ಅಜ್ಜಿ ಇರುವಷ್ಟು ಕಾಲ ವರ್ಷವೂ ಕರೆದುಕೊಂಡು ಹೋಗಿ ಮನೆ ಯಾವ ದಿಕ್ಕಿಗಿತ್ತು ಎಂದು ತೋರಿಸುತ್ತಿದ್ದರಂತೆ. ಹಿರಿಯರು ತಲೆಯಾಡಿಸಿದರು. ಕೈಯೆತ್ತಿ ದಕ್ಷಿಣದ ಬೆಟ್ಟಗಳ ಕಡೆ ತೋರಿಸಿ, ಚೂರಲ್‌ಮಲ, ಮುಂಡಕ್ಕೈ ಎಂದು ಎರಡೇ ಹೆಸರು ಹೇಳಿದರು. 2024ರ ಜುಲೈ 30ರ ಬೆಳಗಿನ ಜಾವ ಗುಡ್ಡ ಜಾರಿದ ಊರುಗಳು. ಅವು ಹೊಸ ಮ್ಯಾಪಿನಲ್ಲೂ ಇದ್ದವು.

ಸಂಘಟಕರು ಅಂಟಿಸಿದ್ದ ಲಕೋಟೆ ನೆನಪಿಗೆ ಬಂದದ್ದು ಆಗ. ಯಾರೂ ತೆರೆಯಲಿಲ್ಲ. ಹಿರಿಯರೇ ನಮ್ಮನ್ನು ತಮ್ಮ ಅಂಗಳದವರೆಗೆ ಕರೆದೊಯ್ದರು. ಅಂಗಳದ ತುಂಬ ಕಾಫಿ ಹಣ್ಣು ಒಣಗುತ್ತಿತ್ತು. ಕಾಲಿಡಲು ಜಾಗವಿಲ್ಲದೆ ಅಂಚಿನಲ್ಲೇ ಸಾಲಾಗಿ ನಿಂತು ಕಟ್ಟನ್ ಚಾಯ ಕುಡಿದೆವು. ಬೇಯಿಸಿದ ಗೆಣಸು, ಕಾಂತಾರಿ ಮೆಣಸಿನ ಚಟ್ನಿ. ವಿಜಯಪುರದ ಹುಡುಗ ಮೂರು ಸಲ ಹಾಕಿಸಿಕೊಂಡ. ಆಮೇಲೆ ಮೊಮ್ಮಗನೊಬ್ಬ ಜೀಪು ಬರುವ ರಸ್ತೆಯ ತನಕ ಬಂದು ದಾರಿಗೆ ಹಚ್ಚಿದ. ಉದ್ದಕ್ಕೂ ಅವನೇ ಮುಂದೆ, ಕ್ಯಾಪ್ಟನ್ ಹಿಂದೆ. ಅಂಥ ದೃಶ್ಯವನ್ನು ನಮ್ಮ ಕಚೇರಿಯಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ.

ಮುಕ್ತಾಯದ ಕಮಾನನ್ನು ನಾವು ಮುಟ್ಟುವ ಹೊತ್ತಿಗೆ ಅದನ್ನು ಬಿಚ್ಚಿ ಲಾರಿಗೆ ಹಾಕುತ್ತಿದ್ದರು. ಗಡುವು ಮುಗಿದು ಎರಡು ಗಂಟೆಯಾಗಿತ್ತು. ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ 'ಪೂರೈಸಿಲ್ಲ' ಎಂದು ಬರೆದರು. ಒಬ್ಬ ಸ್ವಯಂಸೇವಕ ಮರುಕದಿಂದ ನಾಲ್ಕು ಬಾಳೆಹಣ್ಣು ಕೊಟ್ಟ. ಕ್ಯಾಪ್ಟನ್ ಅದನ್ನು ಪದಕ ಸ್ವೀಕರಿಸುವಂತೆ ಎರಡೂ ಕೈಯಲ್ಲಿ ತೆಗೆದುಕೊಂಡು, ಮೊದಲನೆಯದನ್ನು ಸುಲಿದು ನನಗೆ ಕೊಟ್ಟರು.

ಭಾನುವಾರ ಬಂಡೀಪುರದ ಗೇಟನ್ನು ಹಗಲಲ್ಲೇ ದಾಟಿದೆವು. ಸೋಮವಾರ ಕಚೇರಿಯಲ್ಲಿ ನಾನು ಮೆಟ್ಟಿಲು ಇಳಿಯುವಾಗ ಹಿಮ್ಮುಖವಾಗಿ ಇಳಿದೆ, ಹಾಗೆ ಇಳಿದರೆ ತೊಡೆ ಕಡಿಮೆ ನೋಯುತ್ತದೆ. ಒಂದು ವಾರದ ಮೇಲೆ ಕ್ಯಾಪ್ಟನ್ ಕೋಣೆಗೆ ಸಹಿಗೆಂದು ಹೋದೆ. ಗೋಡೆಯ ಮೇಲೆ ಆ ಎರಡು ಹಾಳೆ, ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಮಗನ ಬಣ್ಣದ ಪೆನ್ಸಿಲು ತಂದು ಬಾಣಾಸುರ ಸಾಗರಕ್ಕೆ ತಾವೇ ನೀಲಿ ತುಂಬಿದ್ದರು. ದ್ವೀಪಗಳನ್ನು ಬಿಟ್ಟು, ಅಂಚು ಮೀರದಂತೆ, ಬಹಳ ಹಗುರವಾಗಿ. ನೀಲಿಯ ಕೆಳಗೆ ತರಿಯೋಡಿಗೆ ಹೋಗುವ ಕೆಂಪು ರಸ್ತೆ ಹಾಗೇ ಕಾಣುತ್ತಿತ್ತು. ನಾನು ನೋಡುತ್ತಿರುವುದನ್ನು ನೋಡಿ, "ಮ್ಯಾಪ್ ತಪ್ಪಿರಲಿಲ್ಲ ಗುರುಗಳೇ" ಎಂದರು. ಹೌದೆಂದೆ. ತಪ್ಪಿರಲಿಲ್ಲ.

ಬರುವ ಡಿಸೆಂಬರಿಗೆ ಮತ್ತೆ ಹೆಸರು ಕೊಟ್ಟಿದ್ದಾರೆ. ಹುಡುಗಿ, ಹುಡುಗ ಇಬ್ಬರೂ ಒಪ್ಪಿದ್ದಾರೆ. ಹುಡುಗ ಈಜಿನ ತರಗತಿಗೆ ಸೇರಿದ್ದಾನೆ. ನನ್ನ ಮೊಣಕಾಲಿನ ಬಗ್ಗೆ ಡಾಕ್ಟರು ಬರೆದುಕೊಟ್ಟಿರುವ ಚೀಟಿ ಇದೆ, ಆದ್ದರಿಂದ ನಾಲ್ಕನೆಯವರು ಬೇಕಾಗಿದ್ದಾರೆ. ಸೈಕಲ್ಲು ಸಿಗುತ್ತದೆ, ಹಗ್ಗವೂ ಇದೆ. ಸ್ವಲ್ಪ ಮಲಯಾಳಂ ಬರುವವರಾದರೆ ಒಳ್ಳೆಯದು. ಬರುತ್ತದೆ ಎಂಬುದನ್ನು ಕ್ಯಾಪ್ಟನ್‌ಗೆ ಮಾತ್ರ ಹೇಳಬೇಡಿ.